ಎಣ್ಣೆಗೆ ಹೆಪ್ಪು ಹಾಕಿದಾಗ

ನನ್ನ ಚಿಕ್ಕಪ್ಪನಿಗೆ ತಿಂಗಳಿಗೊಮ್ಮೆ ಸೂಜಿ ಹಾಕಿಸಬೇಕಿತ್ತು. ಅವರ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋಗಿಬರುವ ಕೆಲಸ ಹೈಸ್ಕೂಲಿನಲ್ಲಿದ್ದ ನನ್ನದು. ಸಿಸ್ಟರ್ ಪುಟ್ಟ ಆಂಪೂಲಿನ ಕತ್ತು ಮುರಿದು ಸಿರಿಂಜಿಗೆ ಔಷಧ ಎಳೆದುಕೊಳ್ಳುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಬೇರೆ ಔಷಧಗಳಂತೆ ಅದು ಸರ್ರನೆ ಏರುತ್ತಿರಲಿಲ್ಲ. ತಿಳಿ ಹಳದಿ ಬಣ್ಣ, ಮಂದ, ಸೂಜಿಯೂ ದಪ್ಪ. "ಎಣ್ಣೆ ಇಂಜೆಕ್ಷನ್ ಕಣಪ್ಪಾ, ನಿಧಾನಕ್ಕೇ ಕೊಡಬೇಕು" ಎಂದು ಅವರು ಒಮ್ಮೆ ಹೇಳಿದ್ದು ನೆನಪಿದೆ. ಅದರ ಅರ್ಥ ಆದದ್ದು ಫಾರ್ಮಸಿ ಓದಲು ಸೇರಿದ ಮೇಲೆ. ಮನೋರೋಗಕ್ಕೆ ಕೊಡುವ ಆ ಔಷಧದ ಹೆಸರು ಫ್ಲುಫೆನಜೀನ್ ಡೆಕಾನೊಯೇಟ್. ಅದನ್ನು ಕರಗಿಸಿಟ್ಟಿದ್ದು ಎಳ್ಳೆಣ್ಣೆಯಲ್ಲಿ.

ಸೂಜಿಗೆ ಮೊದಲು ಚಿಕ್ಕಪ್ಪನಿಗೆ ಮಾತ್ರೆಗಳಿದ್ದವು. ಅವರು ನಾಲಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದರು. ತುಳಸಿಕಟ್ಟೆಯ ಹಿಂದೆ ನಮಗೆ ಎಷ್ಟೋ ಮಾತ್ರೆ ಸಿಕ್ಕಿದ್ದವು. ಎರಡು ವಾರ ಔಷಧ ತಪ್ಪಿದರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಸೂಜಿ ಶುರುವಾದ ಮೇಲೆ ಒಂದು ಮಿಲಿಲೀಟರ್ ಎಣ್ಣೆ ಇಡೀ ತಿಂಗಳು ಅವರನ್ನು ಕಾಯಿತು. ಸ್ನಾಯುವಿನೊಳಗೆ ಕೂತ ಒಂದು ಹನಿ ಎಳ್ಳೆಣ್ಣೆ ದಿನದ ಪಾಲನ್ನು ದಿನಕ್ಕೇ ಹೇಗೆ ಅಳೆದು ಕೊಡುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಸಸ್ಯಜನ್ಯ ಎಣ್ಣೆಗಳನ್ನು ಜೆಲ್ ಆಗಿಸಿ ಅದರಲ್ಲಿ ಔಷಧ ತುಂಬುವ ಇಂದಿನ ಸಂಶೋಧನೆ ಆ ಪ್ರಶ್ನೆಯ ಮುಂದುವರಿಕೆಯೇ.

ಮೊದಲು ಔಷಧದ ವೇಗದ ವಿಚಾರ. ಒಂದು ಮಾತ್ರೆ ನುಂಗಿದಾಗ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ತುತ್ತತುದಿ ಮುಟ್ಟುತ್ತದೆ, ಮತ್ತೆ ಇಳಿಯುತ್ತದೆ. ಅದು ಕೆಲಸ ಮಾಡಲು ಕನಿಷ್ಠ ಒಂದು ಮಟ್ಟ ಬೇಕು. ಇನ್ನೊಂದು ಮಟ್ಟ ದಾಟಿದರೆ ಅಡ್ಡಪರಿಣಾಮ. ಈ ಎರಡು ಗೆರೆಗಳ ನಡುವಿನ ಪಟ್ಟಿಯೊಳಗೇ ಔಷಧ ಇರಬೇಕು. ದಿನಕ್ಕೆ ಮೂರು ಹೊತ್ತು ಮಾತ್ರೆ ಬರೆಯುವುದು ಅದಕ್ಕೇ. ಒಂದು ಹೊತ್ತು ತಪ್ಪಿದರೆ ಕೆಳಗಿನ ಗೆರೆ ತಪ್ಪುತ್ತದೆ. ಎರಡು ಹೊತ್ತಿನದು ಒಟ್ಟಿಗೆ ನುಂಗಿದರೆ ಮೇಲಿನ ಗೆರೆ ದಾಟುತ್ತದೆ. ಔಷಧವನ್ನು ಯಾವುದಾದರೊಂದು ವಸ್ತುವಿನಲ್ಲಿ ಕಟ್ಟಿಟ್ಟು, ಅದು ಸ್ವಲ್ಪ ಸ್ವಲ್ಪವೇ ಹೊರಬರುವಂತೆ ಮಾಡುವುದನ್ನು ನಿಯಂತ್ರಿತ ಬಿಡುಗಡೆ ಎನ್ನುತ್ತೇವೆ. ಕಟ್ಟಿಡುವುದು ಸುಲಭ, ಕಲ್ಲಿನಲ್ಲೂ ಕಟ್ಟಿಡಬಹುದು. ಕಟ್ಟಿದ್ದನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಬಿಡುವಂತೆ ಮಾಡುವುದು ಕಷ್ಟ. ಈ ಲೇಖನದಲ್ಲಿ ಬರುವ ಎಲ್ಲ ಎಣ್ಣೆ, ಮೇಣ, ಜೆಲ್‌ಗಳನ್ನೂ ನಾನು ಈ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಬಿಡುವುದು ಹೇಗೆ?

ಚಿಕ್ಕಪ್ಪನ ಸೂಜಿಯಲ್ಲಿ ಇದಕ್ಕೆ ಎರಡು ಉಪಾಯಗಳಿದ್ದವು. ಒಂದು, ಫ್ಲುಫೆನಜೀನ್ ಅಣುವಿಗೆ ಹತ್ತು ಇಂಗಾಲದ ಬಾಲವೊಂದನ್ನು ಅಂಟಿಸಿದ್ದರು. ಅದು ಡೆಕನೋಯಿಕ್ ಆಮ್ಲ, ತೆಂಗಿನೆಣ್ಣೆಯಲ್ಲೂ ಆಡಿನ ಹಾಲಿನಲ್ಲೂ ಇರುವ ಕೊಬ್ಬಿನಾಮ್ಲ. ಆ ಬಾಲ ಬಂದೊಡನೆ ಔಷಧಕ್ಕೆ ನೀರಿಗಿಂತ ಎಣ್ಣೆಯ ಮೇಲೇ ಒಲವು ಹೆಚ್ಚುತ್ತದೆ. ಎರಡು, ಅದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಸ್ನಾಯುವಿನೊಳಗೆ ಇಟ್ಟರು. ಸುತ್ತಲೂ ಇರುವುದು ನೀರಿನಂಶ. ಎಣ್ಣೆಯೊಳಗೆ ಹಾಯಾಗಿರುವ ಅಣುಗಳು ನೀರಿಗೆ ಇಳಿಯಲು ಹಿಂಜರಿಯುತ್ತವೆ; ಆದರೂ ಯಾವಾಗಲೂ ಒಂದಿಷ್ಟು ಇಳಿಯುತ್ತಲೇ ಇರುತ್ತವೆ. ಇಳಿದವುಗಳ ಬಾಲವನ್ನು ದೇಹದ ಕಿಣ್ವಗಳು ಕತ್ತರಿಸುತ್ತವೆ, ಔಷಧ ಕೆಲಸಕ್ಕೆ ತೊಡಗುತ್ತದೆ. ಹ್ಯಾಲೋಪೆರಿಡಾಲ್ ಡೆಕಾನೊಯೇಟ್ ಕೂಡ ಹೀಗೆಯೇ ಎಳ್ಳೆಣ್ಣೆಯಲ್ಲಿ ಬರುತ್ತದೆ. ಗಂಡಸರಿಗೆ ಕೊಡುವ ಟೆಸ್ಟೋಸ್ಟಿರೋನ್ ಅಂಡೆಕಾನೊಯೇಟ್ ಹರಳೆಣ್ಣೆಯಲ್ಲಿ ಬರುತ್ತದೆ. ಒಂದು ಸೂಜಿ ಸುಮಾರು 10ರಿಂದ 14 ವಾರ.

ಇಷ್ಟು ಚೆನ್ನಾಗಿದ್ದರೆ ಜೆಲ್ ಏಕೆ ಬೇಕು? ಎಣ್ಣೆ ದ್ರವ, ಅದಕ್ಕೆ. ಸ್ನಾಯುವಿನಲ್ಲಿ ಅದು ಒಂದೆಡೆ ನಿಲ್ಲದೆ ನಾರುಗಳ ನಡುವೆ ಹರಡುತ್ತದೆ. ಹರಡಿದಷ್ಟೂ ನೀರಿಗೆ ತಾಗುವ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಿದಷ್ಟೂ ಔಷಧ ಬೇಗ ಖಾಲಿ. ನಡೆದಾಡುವವನಲ್ಲಿ ಒಂದು ಬಗೆ, ಹಾಸಿಗೆ ಹಿಡಿದವನಲ್ಲಿ ಇನ್ನೊಂದು ಬಗೆ ಹರಡಬಹುದು. ಮೇಲಾಗಿ ಎಣ್ಣೆಯಲ್ಲಿ ಕರಗುವ ಔಷಧಗಳಿಗೆ ಮಾತ್ರ ಈ ದಾರಿ ತೆರೆದಿದೆ. ಕರಗದ ಔಷಧದ ಪುಡಿಯನ್ನು ಬರೀ ಎಣ್ಣೆಯಲ್ಲಿ ಕಲಸಿಟ್ಟರೆ ಬಾಟಲಿಯ ತಳಕ್ಕೆ ಇಳಿಯುತ್ತದೆ. ಎಣ್ಣೆಯ ಗುಣ ಎಣ್ಣೆಯಲ್ಲೇ ಉಳಿಯಬೇಕು, ಆದರೆ ಅದು ಹರಿಯಬಾರದು. ಬೇಕಿರುವುದು ಇಷ್ಟೇ.

ಹರಿಯದ ದ್ರವ ಹೇಗಿರುತ್ತದೆ ಎಂದು ನೋಡಲು ಅಡುಗೆಮನೆಗೆ ಹೋದರೆ ಸಾಕು. ಹಾಲಿನಲ್ಲಿ ಸುಮಾರು ಶೇ. 87 ನೀರು; ಪ್ರೋಟೀನು ಶೇ. 3ರ ಆಸುಪಾಸು. ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಪಾತ್ರೆ ಓರೆ ಮಾಡಿದರೂ ಹರಿಯದು. ನೀರೇನೂ ಎಲ್ಲಿಗೂ ಹೋಗಲಿಲ್ಲ, ಅಷ್ಟೂ ಅಲ್ಲೇ ಇದೆ. ಹುಳಿ ಏರಿದಂತೆ ಹಾಲಿನ ಕೇಸಿನ್ ಪ್ರೋಟೀನು ಒಂದಕ್ಕೊಂದು ಕೈಹಿಡಿದು ಮೂಲೆಮೂಲೆಗೂ ಬಲೆ ಹೆಣೆಯಿತು. ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಂಡಿತು. ಜೆಲ್ ಎಂದರೆ ಇದೇ: ಬಹುಪಾಲು ದ್ರವ, ಅದನ್ನು ಹಿಡಿದು ನಿಲ್ಲಿಸುವ ಅತ್ಯಲ್ಪ ಘನ. ಮೊಸರಿನಲ್ಲಿ ನೀರನ್ನು ನಿಲ್ಲಿಸಿದಂತೆ ಎಣ್ಣೆಯನ್ನು ನಿಲ್ಲಿಸಿದರೆ ಅದು ಓಲಿಯೋಜೆಲ್. ಇಲ್ಲಿ ಹೆಪ್ಪಿನ ಕೆಲಸ ಮಾಡುವುದು ಸೂಕ್ಷ್ಮಜೀವಿಯಲ್ಲ, ಒಂದು ರಾಸಾಯನಿಕ. ಬಿಸಿ ಎಣ್ಣೆಯಲ್ಲಿ ಅದನ್ನು ಕರಗಿಸಿ ತಣಿಸಿದರೆ ಅದರ ಅಣುಗಳು ತಾವೇ ಜೋಡಿಕೊಂಡು ಬಲೆಯಾಗುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವ ಮೊದಲ ವಿಧಾನವೂ ಅಡುಗೆಮನೆಯದೇ: ಪ್ರನಾಳವನ್ನು ತಲೆಕೆಳಗು ಮಾಡುವುದು. ಜಾರದೆ ನಿಂತರೆ ಜೆಲ್.

ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ, ಅದೂ ಇದೇನಾ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಅಲ್ಲಿ ಎಣ್ಣೆಯ ದೊಡ್ಡ ಪಾಲೇ ಹರಳುಗಟ್ಟುತ್ತದೆ, ಬಿಸಿಲು ಬಂದೊಡನೆ ಕರಗಿಹೋಗುತ್ತದೆ. ಜೆಲ್‌ನಲ್ಲಿ ಎಣ್ಣೆ ಎಣ್ಣೆಯಾಗಿಯೇ, ದ್ರವವಾಗಿಯೇ ಉಳಿದಿರುತ್ತದೆ. ಹಾಗಾಗಿ ಔಷಧದ ಅಣುಗಳು ಅದರೊಳಗೆ ಓಡಾಡಬಲ್ಲವು. ಔಷಧ ಬಿಡುಗಡೆಗೆ ಈ ವ್ಯತ್ಯಾಸವೇ ಆಧಾರ.

ಎಣ್ಣೆಗೆ ಹೆಪ್ಪಾಗಬಲ್ಲ ವಸ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಮ್ಮ ಔಡಲದಿಂದ ಬರುವಂಥದು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ ಒಂದೇ. ಬೇರೆ ಯಾವ ಸಾಮಾನ್ಯ ಎಣ್ಣೆಯಲ್ಲೂ ಇಷ್ಟು ಇಲ್ಲ. ಇದು ಹದಿನೆಂಟು ಇಂಗಾಲದ ಸರಪಳಿ. ಹನ್ನೆರಡನೆಯ ಇಂಗಾಲದ ಮೇಲೆ ಆಮ್ಲಜನಕ ಮತ್ತು ಜಲಜನಕದ ಒಂದು ಪುಟ್ಟ ಕೊಂಡಿ ಹೊರಚಾಚಿಕೊಂಡಿರುತ್ತದೆ. ಹರಳೆಣ್ಣೆ ಅಷ್ಟು ಜಿಗುಟಾಗಿರುವುದಕ್ಕೆ ಈ ಕೊಂಡಿಯೇ ಕಾರಣ. ರಿಸಿನೋಲಿಕ್ ಆಮ್ಲಕ್ಕೆ ಜಲಜನಕ ಸೇರಿಸಿ ಅದರ ನಡುವಿನ ಡೊಂಕನ್ನು ನೆಟ್ಟಗೆ ಮಾಡಿದರೆ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ ಸಿಗುತ್ತದೆ, ಮೇಣದಂಥ ಬಿಳಿ ಚಕ್ಕೆ. ಗ್ರೀಸ್ ತಯಾರಿಸುವವರು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಸೋಯಾ ಎಣ್ಣೆಗೋ ಸೂರ್ಯಕಾಂತಿ ಎಣ್ಣೆಗೋ ನೂರಕ್ಕೆ ಒಂದೆರಡು ಪಾಲು ಹಾಕಿ, ಕಾಯಿಸಿ, ತಣಿಸಿದರೆ ಎಣ್ಣೆ ನಿಂತುಬಿಡುತ್ತದೆ.

ಅದು ನಿಲ್ಲುವ ಬಗೆ ಚೆಂದ. ತಣಿಯುವಾಗ ಒಂದು ಅಣುವಿನ ಕೊಂಡಿ ಪಕ್ಕದ ಅಣುವಿನ ಕೊಂಡಿಯನ್ನು ಹಿಡಿಯುತ್ತದೆ, ಅದು ಮುಂದಿನದನ್ನು. ಸಾಲು ಬೆಳೆದು ಎಳೆಯಾಗುತ್ತದೆ, ಎಳೆಗಳು ಹೊಸೆದುಕೊಂಡು ನಾರಾಗುತ್ತವೆ, ನಾರುಗಳು ಒಂದನ್ನೊಂದು ದಾಟುವಲ್ಲಿ ಗಂಟು ಬೀಳುತ್ತದೆ. ಹಗ್ಗ ಹೊಸೆಯುವವರಿಗೆ ಗೊತ್ತು, ಹುರಿ ಹಾಕುವಾಗ ಎಲ್ಲ ಎಳೆಯನ್ನೂ ಒಂದೇ ದಿಕ್ಕಿಗೆ ತಿರುಚಬೇಕು. ಗಿಡದಿಂದ ಬಂದ ಈ ಅಣುಗಳೂ ಹಾಗೆಯೇ: ಬಲಗೈ ಎಡಗೈಗಳಂತೆ ಈ ಅಣುವಿಗೆ ಎರಡು ರೂಪ ಸಾಧ್ಯ, ಆದರೆ ಔಡಲದ ಗಿಡ ಒಂದೇ ಕೈಯ ಅಣುಗಳನ್ನು ಕಟ್ಟುತ್ತದೆ. ಆದ್ದರಿಂದ ನಾರು ಉದ್ದಕ್ಕೆ, ಒಂದೇ ಹುರಿಯಲ್ಲಿ ಬೆಳೆಯುತ್ತದೆ. ಎರಡೂ ಕೈಯವನ್ನು ಸಮಪಾಲು ಬೆರೆಸಿದರೆ ನಾರಿನ ಬದಲು ಚಪ್ಪಟೆ ಬಿಲ್ಲೆಗಳಾಗುತ್ತವೆ, ಜೆಲ್ ದುರ್ಬಲವಾಗುತ್ತದೆ. ಹನ್ನೆರಡನೆಯ ಇಂಗಾಲದ ಕೊಂಡಿ ಇಲ್ಲದ ಬರೀ ಸ್ಟಿಯರಿಕ್ ಆಮ್ಲವೂ ಇಷ್ಟು ಚೆನ್ನಾಗಿ ಬಲೆ ಹೆಣೆಯದು. ಬೀಜದೊಳಗೆ ನಡೆದ ಒಂದು ಸಣ್ಣ ಕುಸುರಿ ಕೆಲಸ ಔಷಧದ ಜೆಲ್ ಗಟ್ಟಿಯಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಖುಷಿಯಾಗುತ್ತದೆ.

ಎಣ್ಣೆಗೆ ಹೆಪ್ಪು ಹಾಕುವುದು ಹೊಸದೇನೂ ಅಲ್ಲ. ಆಯುರ್ವೇದದ ಮಲಹರಗಳಿಗೆ ತಳಹದಿಯಾದ ಸಿಕ್ಥ ತೈಲ ಎಂದರೆ ಎಳ್ಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ತಣಿಸಿದ್ದು. ಸಿಕ್ಥ ಎಂದರೆ ಜೇನುಮೇಣ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ವೈದ್ಯ ಗೇಲನ್ ಆಲಿವ್ ಎಣ್ಣೆ, ಜೇನುಮೇಣ, ಪನ್ನೀರು ಸೇರಿಸಿ ಮಾಡಿದ ಲೇಪವೇ ಇಂದಿನ ಕೋಲ್ಡ್ ಕ್ರೀಮಿನ ಪೂರ್ವಜ. ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮೇಣದ ಮುಲಾಮೂ ಇದೇ ಕುಲದ್ದು. ಇಂದಿನ ಸಂಶೋಧಕರು ಜೇನುಮೇಣದ ಜೊತೆಗೆ ಬ್ರೆಜಿಲ್ಲಿನ ತಾಳೆಯೆಲೆಯ ಕಾರ್ನೌಬಾ ಮೇಣ, ಮೆಕ್ಸಿಕೋದ ಕ್ಯಾಂಡೆಲಿಲ್ಲಾ ಮೇಣ, ಅಕ್ಕಿ ತೌಡಿನ ಮೇಣ ಎಲ್ಲವನ್ನೂ ಬಳಸುತ್ತಾರೆ. ತೌಡಿನ ಎಣ್ಣೆಯಲ್ಲಿರುವ ಒರೈಜನಾಲ್ ಮತ್ತು ಗಿಡಗಳಲ್ಲಿ ಸಿಗುವ ಸಿಟೋಸ್ಟಿರಾಲ್ ಇವೆರಡನ್ನು ಬೆರೆಸಿದರೆ ಎಣ್ಣೆಯೊಳಗೆ ಕೆಲವೇ ನ್ಯಾನೋಮೀಟರ್ ಅಗಲದ ಟೊಳ್ಳು ಕೊಳವೆಗಳು ತಾವಾಗಿ ಕಟ್ಟಿಕೊಂಡು ಕನ್ನಡಿಯಂಥ ಪಾರದರ್ಶಕ ಜೆಲ್ ಆಗುತ್ತದೆ. ಒಂಟಿಯಾಗಿ ಎರಡರಲ್ಲಿ ಯಾವುದಕ್ಕೂ ಆ ಶಕ್ತಿಯಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಹೆಚ್ಚು ಕೆಲಸ ಮಾಡಿರುವುದು ಈಥೈಲ್ ಸೆಲ್ಯುಲೋಸ್ ಮೇಲೆ. ಅದನ್ನು ಎಣ್ಣೆಯಲ್ಲಿ ಕರಗಿಸಲು ಸುಮಾರು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು; ಆ ಬಿಸಿಗೆ ಎಷ್ಟೋ ಔಷಧಗಳು ಕೆಡುತ್ತವೆ. ನಮ್ಮ ದೇಶದಲ್ಲಿ ಒಡಿಶಾದ ರೂರ್ಕೆಲಾ ಎನ್‌ಐಟಿಯಲ್ಲಿ ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳನ್ನು ಸಾರ್ಬಿಟಾನ್ ಎಸ್ಟರುಗಳಿಂದ ಜೆಲ್ ಮಾಡಿ ಔಷಧ ಬಿಡುಗಡೆಯನ್ನು ಅಭ್ಯಸಿಸಿದ್ದಾರೆ.

ಈಗ ಬಿಡುವ ವಿಚಾರಕ್ಕೆ ಬರೋಣ. ಮದುವೆ ಊಟ ಮುಗಿದು ಕಲ್ಯಾಣ ಮಂಟಪದಿಂದ ಜನ ಹೊರಡುವುದನ್ನು ನೆನೆಸಿಕೊಳ್ಳಿ. ಬಾಗಿಲ ಬಳಿ ಇದ್ದವರು ಕ್ಷಣದಲ್ಲಿ ಹೊರಗೆ. ವೇದಿಕೆಯ ಹತ್ತಿರ ಇದ್ದವರು ಇಡೀ ಮಂಟಪ ದಾಟಿ ಬರಬೇಕು. ಜೆಲ್ ಉಂಡೆಯೊಳಗಿನ ಔಷಧವೂ ಹಾಗೆಯೇ. ಮೇಲ್ಮೈಯದು ಮೊದಲು ಹೋಗುತ್ತದೆ, ಹೊರಪದರ ಖಾಲಿಯಾಗುತ್ತದೆ, ಒಳಗಿನದು ಆ ಖಾಲಿ ಪದರ ದಾಟಿ ಬರಬೇಕಾದ್ದರಿಂದ ದಿನದಿನಕ್ಕೂ ದಾರಿ ಉದ್ದವಾಗುತ್ತದೆ. ಅಮೆರಿಕದ ತಾಕೆರು ಹಿಗುಚಿ 1961ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅವರು ನೋಡುತ್ತಿದ್ದದ್ದೂ ಮುಲಾಮುಗಳನ್ನೇ. ಹೊರಬಂದ ಒಟ್ಟು ಔಷಧ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಮೊದಲ ದಿನ ಒಂದು ಪಾಲು ಬಂದರೆ, ಎರಡು ಪಾಲು ಆಗಲು ನಾಲ್ಕು ದಿನ ಬೇಕು, ಮೂರು ಪಾಲಿಗೆ ಒಂಬತ್ತು ದಿನ. ಎಲ್ಲ ದಿನವೂ ಸಮಪಾಲು ಬೇಕೆಂಬ ರೋಗಿಗೆ ಇದು ಅಷ್ಟೇನೂ ಅನುಕೂಲದ ಲೆಕ್ಕವಲ್ಲ. ಮೊದಮೊದಲು ಹೆಚ್ಚು, ಆಮೇಲೆ ಕಡಿಮೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬಿಡಿಸಲೇಬೇಕು. ನಾನೂ ಅದನ್ನು ಬಹಳ ದಿನ ನಂಬಿದ್ದೆ. ಬಲೆಯ ಕಣ್ಣು ಸಣ್ಣದಾದರೆ ಔಷಧ ತಡೆದು ತಡೆದು ಬರುತ್ತದೆ, ಜರಡಿಯಂತೆ, ಎಂದು ಎಷ್ಟೋ ಜನ ಹೇಳುತ್ತಾರೆ. ಗಾತ್ರ ನೋಡಿ. ಸಾಮಾನ್ಯ ಔಷಧದ ಅಣು ಒಂದು ನ್ಯಾನೋಮೀಟರ್ ಆಸುಪಾಸು. ಇಂಥ ನಾರಿನ ಬಲೆಯ ಕಣ್ಣುಗಳು ಅದರ ನೂರಾರು ಪಟ್ಟು ದೊಡ್ಡವು. ಮೀನಿನ ಬಲೆಯಲ್ಲಿ ಸಾಸಿವೆ ಹಿಡಿದಂತಾಯಿತು. ಬಲೆ ಔಷಧವನ್ನು ಹಿಡಿಯುವುದಿಲ್ಲ; ಎಣ್ಣೆಯನ್ನು ಹಿಡಿಯುತ್ತದೆ. ಔಷಧವನ್ನು ಹಿಡಿಯುವುದು ಎಣ್ಣೆಯ ಮೇಲಿನ ಅದರ ಒಲವು. ಬಲೆ ಮಾಡುವ ಉಪಕಾರವೆಂದರೆ ಎಣ್ಣೆಯ ಉಂಡೆ ಒಡೆದು ಚೂರಾಗದಂತೆ, ಅದರ ಆಕಾರ ಮತ್ತು ಮೇಲ್ಮೈ ನಾವು ಕೊಟ್ಟಂತೆಯೇ ಉಳಿಯುವಂತೆ ನೋಡಿಕೊಳ್ಳುವುದು. ಕೊಬ್ಬು ಜೀರ್ಣಿಸುವ ಲೈಪೇಸ್ ಕಿಣ್ವಗಳು ಒಂದೇ ಸಲಕ್ಕೆ ಎಣ್ಣೆಗೆ ಮುತ್ತಿಗೆ ಹಾಕದಂತೆ ತಡೆಯುವುದು. ಹೆಪ್ಪಿನ ಪ್ರಮಾಣ ಹೆಚ್ಚಿಸಿದರೆ ಬಿಡುಗಡೆ ನಿಧಾನವಾಗುವುದಕ್ಕೆ ದೊಡ್ಡ ಕಾರಣ ಇದು. ಉಂಡೆಯ ಗಾತ್ರ, ಎಣ್ಣೆಯ ಜಾತಿ, ಔಷಧದ ಒಲವು, ಕಿಣ್ವದ ವೇಗ: ಫಾರ್ಮಸಿಯವರ ಕೈಯಲ್ಲಿರುವ ತಿರುಪುಗಳು ಇವೇ.

ಐಬುಪ್ರೊಫೆನ್ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ನೀರಿನಲ್ಲಿ ಕರಗದು, ಎಣ್ಣೆಯ ಕಡೆ ಒಲವು ಜಾಸ್ತಿ. ಸೋಯಾ ಎಣ್ಣೆ ಮತ್ತು ಔಡಲದ ಆ ಆಮ್ಲದ ಜೆಲ್‌ನಲ್ಲಿ ಅದನ್ನು ತುಂಬಿ ಜಪಾನಿನ ಸಂಶೋಧಕರು ಪ್ರಯೋಗ ಮಾಡಿದ್ದಾರೆ. ನುಂಗಿದ ಜೆಲ್ ಕರುಳು ತಲುಪಿ ಅಲ್ಲಿನ ಕಿಣ್ವಗಳಿಗೆ ಸಿಕ್ಕು ಸವೆಯುತ್ತ ಹೋದಂತೆ ಔಷಧ ಹೊರಬೀಳುತ್ತದೆ.

ನುಂಗುವುದು ಸುಲಭ. ಗಟ್ಟಿ ಜೆಲ್ ಅನ್ನು ಸೂಜಿಯಲ್ಲಿ ಹಾಯಿಸುವುದು ಹೇಗೆ? ಇದಕ್ಕೆ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಜಾನ್-ಕ್ರಿಸ್ತೋಫ್ ಲರೂ ಅವರ ತಂಡ ಕಂಡುಕೊಂಡ ಉಪಾಯ ನೋಡಿ. ಅವರು ಆರಿಸಿಕೊಂಡ ಎಣ್ಣೆ ಕುಸುಬೆ ಎಣ್ಣೆ. ವಿಜಯಪುರ, ಕಲಬುರಗಿ ಕಡೆಯ ಹಿಂಗಾರಿನ ಹೊಲಗಳಲ್ಲಿ ಕಡಲೆ ಜೋಳದ ಬದುವಿಗೆ ಮುಳ್ಳುಬೇಲಿಯಂತೆ ನಿಲ್ಲುವ ಅದೇ ಕುಸುಬೆ. ಹೆಪ್ಪಿಗೆ ಅಲನೀನ್ ಎಂಬ ಅಮೈನೋ ಆಮ್ಲಕ್ಕೆ ಸ್ಟಿಯರಿಕ್ ಆಮ್ಲದ ಬಾಲ ಜೋಡಿಸಿದ ಒಂದು ಅಣು. ಇವೆರಡರ ಜೊತೆಗೆ ನೀರಿಗೂ ಎಣ್ಣೆಗೂ ಹೊಂದುವ ಒಂದು ದ್ರಾವಕವನ್ನು ಸ್ವಲ್ಪ ಸೇರಿಸಿದರು. ಆ ದ್ರಾವಕ ಇರುವವರೆಗೆ ಹೆಪ್ಪಿನ ಅಣುಗಳು ಒಂದನ್ನೊಂದು ಹಿಡಿಯಲಾರವು, ಮಿಶ್ರಣ ದ್ರವವಾಗಿಯೇ ಇರುತ್ತದೆ. ಚರ್ಮದಡಿಗೆ ಚುಚ್ಚಿದೊಡನೆ ದ್ರಾವಕ ಸುತ್ತಲಿನ ನೀರಿಗೆ ಸರಿದುಹೋಗುತ್ತದೆ. ತಡೆಯುತ್ತಿದ್ದವನು ಹೋದ ಮೇಲೆ ಅಣುಗಳು ಕೈಹಿಡಿಯುತ್ತವೆ, ಅಲ್ಲೇ ಜೆಲ್ ಗಟ್ಟಿಯಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಬಳಸುವ ಲ್ಯೂಪ್ರೊಲೈಡ್ ಎಂಬ ಔಷಧವನ್ನು ಇದರಲ್ಲಿಟ್ಟು ಇಲಿಗಳಿಗೆ ಕೊಟ್ಟಾಗ ವಾರಗಟ್ಟಲೆ ಕೆಲಸ ಮಾಡಿತು. 2005ರಲ್ಲಿ ಪ್ರಕಟವಾದ ಕೆಲಸ ಇದು. ಲ್ಯೂಪ್ರೊಲೈಡ್ ನೀರನ್ನು ಬಯಸುವ ಅಣು ಎಂಬುದು ಗಮನಿಸಬೇಕಾದ ಸಂಗತಿ. ಬರೀ ಎಣ್ಣೆಯಲ್ಲಿ ನಿಲ್ಲಲಾರದ್ದು ಹೆಪ್ಪುಗಟ್ಟಿದ ಎಣ್ಣೆಯಲ್ಲಿ ನಿಂತಿತು.

ದೇಹದೊಳಗೇ ಜೆಲ್ ಆಗುವ ಈ ಉಪಾಯ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಸ್ವೀಡನ್ನಿನ ಕಾಮುರುಸ್ ಕಂಪನಿಯ ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ ಯುರೋಪಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆಯಿತು. ಅಫೀಮು ಜಾತಿಯ ಮಾದಕಗಳ ಚಟ ಬಿಡಿಸಲು ಕೊಡುವ ಔಷಧ ಅದು. ವಾರಕ್ಕೊಂದು ಅಥವಾ ತಿಂಗಳಿಗೊಂದು ಸೂಜಿ. ಅದರಲ್ಲಿರುವ ಕೊಬ್ಬುಗಳು ಎರಡು: ಸೋಯಾಬೀನಿನ ಲೆಸಿಥಿನ್‌ನಿಂದ ತೆಗೆದ ಫಾಸ್ಫಟಿಡೈಲ್ ಕೋಲಿನ್ ಮತ್ತು ಗ್ಲಿಸರಾಲ್ ಡೈಓಲಿಯೇಟ್. ಸಿರಿಂಜಿನಲ್ಲಿ ದ್ರವ. ಚರ್ಮದಡಿಯ ನೀರನ್ನು ಹೀರಿದೊಡನೆ ಈ ಕೊಬ್ಬಿನ ಅಣುಗಳು ಶಿಸ್ತಿನಿಂದ ಜೋಡಿಕೊಂಡು ದ್ರವಸ್ಫಟಿಕದ ಗಟ್ಟಿ ಜೆಲ್ ಆಗುತ್ತವೆ. ಇಲ್ಲಿ ಎಣ್ಣೆಯನ್ನು ಹಿಡಿಯಲು ಬೇರೆ ಬಲೆ ಇಲ್ಲ, ಕೊಬ್ಬೇ ಬಲೆ. ಆದ್ದರಿಂದ ಕಟ್ಟುನಿಟ್ಟಾಗಿ ಇದನ್ನು ಓಲಿಯೋಜೆಲ್ ಎನ್ನಲಾಗದು, ದಾಯಾದಿ ಎನ್ನಬಹುದು. ದಿನವೂ ಮಾತ್ರೆಗೆಂದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದ ಒಬ್ಬ ಮನುಷ್ಯನಿಗೆ ತಿಂಗಳ ಬಿಡುವು ಸಿಕ್ಕಿದರೆ ಅವನ ಕೂಲಿ, ಅವನ ಮರ್ಯಾದೆ ಎರಡೂ ಉಳಿಯುತ್ತವೆ. ಚಿಕ್ಕಪ್ಪನ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು ಅದು.

ಎಲ್ಲ ಕಡೆ ಹೀಗೆ ಗೆಲುವಾಗಿಲ್ಲ, ಚರ್ಮದ ವಿಷಯದಲ್ಲಂತೂ ಎಚ್ಚರ ಬೇಕು. ಚರ್ಮದ ಹೊರಪದರ ಹತ್ತಿಪ್ಪತ್ತು ಮೈಕ್ರೋಮೀಟರ್ ದಪ್ಪ ಅಷ್ಟೇ, ಆದರೆ ಸತ್ತ ಜೀವಕೋಶಗಳ ಇಟ್ಟಿಗೆ, ನಡುವೆ ಕೊಬ್ಬಿನ ಗಾರೆ, ಗಟ್ಟಿ ಗೋಡೆ. ಅಣುತೂಕ 500 ಡಾಲ್ಟನ್ ಮೀರಿದರೆ ದಾಟುವುದು ಕಷ್ಟ. ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲ ಆ ಗಾರೆಯನ್ನು ಸ್ವಲ್ಪ ಸಡಿಲಿಸುತ್ತದೆ, ನಿಜ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಸ್ಕಾರ್ಟಝಿನಿ ಮತ್ತು ಲುಯಿಸಿ ಲೆಸಿಥಿನ್ ಜೆಲ್‌ಗಳನ್ನು ವರದಿ ಮಾಡಿದ ಮೇಲೆ, ಅಮೆರಿಕದ ಔಷಧದಂಗಡಿಗಳಲ್ಲಿ ಲೆಸಿಥಿನ್ ಬೆರೆಸಿದ ಪಿಎಲ್‌ಒ ಎಂಬ ಜೆಲ್ ಬಹಳ ಜನಪ್ರಿಯವಾಯಿತು. ಕೊನೆಯ ದಿನಗಳಲ್ಲಿರುವ, ಮಾತ್ರೆ ನುಂಗಲಾಗದ ರೋಗಿಗಳ ಮಣಿಕಟ್ಟಿಗೆ ವಾಕರಿಕೆ ತಡೆಯುವ ಮೂರು ಔಷಧಗಳನ್ನು ಅದರಲ್ಲಿ ಬೆರೆಸಿ ಹಚ್ಚುತ್ತಿದ್ದರು: ಲೊರಾಜೆಪಾಮ್, ಡೈಫೆನ್‌ಹೈಡ್ರಮೀನ್, ಹ್ಯಾಲೋಪೆರಿಡಾಲ್. 2012ರಲ್ಲಿ 10 ಮಂದಿ ಆರೋಗ್ಯವಂತರಿಗೆ ಅದನ್ನು ಹಚ್ಚಿ ರಕ್ತ ಪರೀಕ್ಷಿಸಿದರು. ಲೊರಾಜೆಪಾಮ್ ಆಗಲಿ ಹ್ಯಾಲೋಪೆರಿಡಾಲ್ ಆಗಲಿ ಯಾರ ರಕ್ತದಲ್ಲೂ ಸಿಗಲಿಲ್ಲ. ಜೆಲ್ ಔಷಧವನ್ನು ಹಿಡಿದಿತ್ತು, ಚೆನ್ನಾಗಿಯೇ ಹಿಡಿದಿತ್ತು. ಚರ್ಮ ದಾಟಿಸಲಿಲ್ಲ. ಸಾಯುವ ಹೊತ್ತಿನ ಮನುಷ್ಯನ ಕೈಗೆ ಪ್ರೀತಿಯಿಂದ ಹಚ್ಚಿದ್ದು ಅವನಿಗೆ ತಲುಪಲೇ ಇಲ್ಲ ಎಂದು ಓದಿದಾಗ ನನಗೆ ಸಂಕಟವಾಗಿತ್ತು. ಎಣ್ಣೆಯದು, ಗಿಡದ್ದು, ಸಹಜವಾದದ್ದು ಎಂಬ ಮಾತು ಅಳತೆಯ ಬದಲಿಗೆ ನಿಲ್ಲಲಾರದು.

ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಹಲವು ನೋವಿನ ಜೆಲ್‌ಗಳ ಮೇಲೆ ಡೈಕ್ಲೋಫೆನಾಕ್ ಜೊತೆಗೆ ಲಿನ್‌ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ, ಎಂದು ಬರೆದಿರುತ್ತದೆ. ಅವು ಎಣ್ಣೆಯ ಜೆಲ್ ಅಲ್ಲ. ನೀರಿನ ಜೆಲ್‌ನೊಳಗೆ ಅಲ್ಪಸ್ವಲ್ಪ ಎಣ್ಣೆ ಬೆರೆತದ್ದು. ತೊಳೆದರೆ ನೀರಿಗೆ ಹೋಗುತ್ತವೆ, ಎಣ್ಣೆಯ ಜೆಲ್ ಹೋಗದು.

ಎಣ್ಣೆಗೆ ತನ್ನದೇ ತಾಪತ್ರಯಗಳಿವೆ. ಕುಸುಬೆ, ಸೋಯಾ, ಅಗಸೆಗಳಲ್ಲಿ ಗಾಳಿಗೆ ಬೇಗ ಕೆಡುವ ಕೊಬ್ಬಿನಾಮ್ಲ ಹೆಚ್ಚು. ಕಮಟು ವಾಸನೆ ಬರುವ ಮೊದಲೇ ಅದರ ಒಡಕು ತುಣುಕುಗಳು ಔಷಧವನ್ನು ಕೆಡಿಸಬಹುದು. ಬೆಳೆಯಿಂದ ಬೆಳೆಗೆ, ತಳಿಯಿಂದ ತಳಿಗೆ ಎಣ್ಣೆಯ ಪಾಕ ಬದಲಾಗುತ್ತದೆ. ಔಷಧದ ಕಾರ್ಖಾನೆ ಅದನ್ನು ಒಪ್ಪದು. ಕ್ರಿಮಿಶುದ್ಧಿಯೂ ಸುಲಭವಲ್ಲ: ಆಟೋಕ್ಲೇವಿನ ಹಬೆ ನೀರಿಲ್ಲದ ಎಣ್ಣೆಯೊಳಗೆ ಕೆಲಸ ಮಾಡುವುದಿಲ್ಲ, ಒಣ ಬಿಸಿಯಲ್ಲಿ ಕಾಯಿಸಿದರೆ ಔಷಧ ತಾಳಬೇಕು, ಗಾಮಾ ಕಿರಣ ಹಾಯಿಸಿದರೆ ಎಣ್ಣೆ ಕಮಟುತ್ತದೆ. ದಿನ ಕಳೆದಂತೆ ಮೊಸರು ನೀರು ಬಿಡುವ ಹಾಗೆ ಜೆಲ್ ಎಣ್ಣೆ ಬಿಡುತ್ತದೆ. ಶೇಂಗಾ, ಎಳ್ಳು ಅಲರ್ಜಿ ಇರುವವರಿಗೆ ಆ ಎಣ್ಣೆಗಳೇ ಅಪಾಯ. ಹರಳೆಣ್ಣೆಯ ಟೆಸ್ಟೋಸ್ಟಿರೋನ್ ಸೂಜಿ ಹಾಕಿಸಿಕೊಂಡವರನ್ನು ಅಮೆರಿಕದಲ್ಲಿ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳಬೇಕೆಂಬ ನಿಯಮವಿದೆ, ಎಣ್ಣೆಯ ಸೂಕ್ಷ್ಮ ಹನಿಗಳು ಶ್ವಾಸಕೋಶ ಸೇರಿದರೆ ತಕ್ಷಣ ಕೆಮ್ಮು, ಉಸಿರುಗಟ್ಟುವಿಕೆ ಬರಬಹುದೆಂದು. ಮನೆಯಲ್ಲಿ ಮೇಣದ ಮುಲಾಮು ಮಾಡಿ ಹಿಮ್ಮಡಿಗೆ ಹಚ್ಚಿಕೊಳ್ಳುವುದು ಬೇರೆ. ಅದರಲ್ಲಿ ಮಾತ್ರೆ ಪುಡಿ ಮಾಡಿ ಕಲಸುವ ಪ್ರಯೋಗಕ್ಕೆ ದಯವಿಟ್ಟು ಯಾರೂ ಇಳಿಯಬೇಡಿ.

ಇಷ್ಟರಲ್ಲೂ ಬಿಡುವ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಹಿಗುಚಿಯ ವರ್ಗಮೂಲದ ಗಡಿಯಾರ ರೋಗಿಯನ್ನು ನೋಡುವುದಿಲ್ಲ. ನೋವು ಇರಲಿ ಇಲ್ಲದಿರಲಿ, ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ರೋಗ ಉಲ್ಬಣಿಸಿದಾಗ ಮಾತ್ರ ಬಾಗಿಲು ತೆರೆಯುವ ಜೆಲ್ ಮಾಡಬಹುದೇ?

ಗಿಡಮೂಲದ ಅಣುಗಳಿಂದ ಇಂಥ ಜೆಲ್ ಕಟ್ಟುವ ಹಾದಿಯಲ್ಲಿ ರಸಾಯನ ವಿಜ್ಞಾನಿಗಳಾದ ಜಾರ್ಜ್ ಜಾನ್ ಮತ್ತು ಪ್ರವೀಣ್ ಕುಮಾರ್ ವೇಮುಲ ಇಬ್ಬರ ಹೆಸರು ಹೇಳಲೇಬೇಕು. ಜಾನ್ ಜಪಾನಿನಲ್ಲಿದ್ದಾಗ, ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಕಾರ್ಡನಾಲ್‌ಗೆ ಸಕ್ಕರೆ ಜೋಡಿಸಿ, ನೀರಿನಲ್ಲಿ ತಾವೇ ಸುರುಳಿ ಸುತ್ತಿಕೊಂಡು ನ್ಯಾನೋಕೊಳವೆಗಳಾಗುವ ಅಣುಗಳನ್ನು ಮಾಡಿದ್ದರು; ಅದು 2001ರಲ್ಲಿ. ಮಂಗಳೂರಿನ ಗೇರು ಕಾರ್ಖಾನೆಗಳ ಬಳಿ ಬೆಳೆದವರಿಗೆ ಆ ಸಿಪ್ಪೆಯೆಣ್ಣೆ ಎಂದರೆ ಕೈ ಸುಡುವ ಕಪ್ಪು ದ್ರವ, ಅಷ್ಟೇ. ವೇಮುಲ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗೆ ಬಂದರು. ಸ್ವಿಟ್ಜರ್ಲೆಂಡಿನ ಬರ್ನ್ ಮತ್ತು ಅಮೆರಿಕದ ಬಾಸ್ಟನ್ನಿನ ಸಂಶೋಧಕರ ಜೊತೆ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು ಟ್ರೈಗ್ಲಿಸರಾಲ್ ಮಾನೋಸ್ಟಿಯರೇಟ್ ಎಂಬ ವಸ್ತು. ಗ್ಲಿಸರಾಲ್ ಮತ್ತು ಸ್ಟಿಯರಿಕ್ ಆಮ್ಲ, ಎರಡೂ ಎಣ್ಣೆಕೊಬ್ಬುಗಳ ಬಿಡಿಭಾಗಗಳೇ, ಸೇರಿದ ಅಣು ಅದು. ಅದು ಕಟ್ಟುವುದು ನೀರಿನ ಜೆಲ್; ನಾರುಗಳ ಒಳಗಿನ ಕೊಬ್ಬಿನ ಭಾಗದಲ್ಲಿ ನೀರೊಲ್ಲದ ಔಷಧ ಅಡಗಿ ಕೂರುತ್ತದೆ. ಒಂದು ಇಲಿಯ ಹಿಂಗಾಲನ್ನು ಇನ್ನೊಂದಕ್ಕೆ ಕಸಿ ಮಾಡಿ, ದೇಹ ಅದನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಔಷಧವನ್ನು ಈ ಜೆಲ್‌ನಲ್ಲಿ ತುಂಬಿ ಆ ಕಾಲಿಗೇ ಚುಚ್ಚಿದರು. ತಿರಸ್ಕಾರ ಶುರುವಾದಾಗ ಉರಿಯೂತ ಏಳುತ್ತದೆ, ಉರಿಯೂತದ ಜಾಗದಲ್ಲಿ ಕಿಣ್ವಗಳು ಹೆಚ್ಚುತ್ತವೆ, ಕಿಣ್ವಗಳು ಗ್ಲಿಸರಾಲ್ ಮತ್ತು ಸ್ಟಿಯರಿಕ್ ಆಮ್ಲದ ನಡುವಿನ ಗಂಟು ಕತ್ತರಿಸುತ್ತವೆ, ಔಷಧ ಹೊರಬರುತ್ತದೆ. ಉರಿಯೂತ ತಗ್ಗಿದಂತೆ ಕಿಣ್ವ ಕಡಿಮೆ, ಬಾಗಿಲು ಮತ್ತೆ ಮುಚ್ಚಿದಂತೆ. ಒಂದೇ ಸೂಜಿಯ ಮೇಲೆ ಕಸಿ ಮಾಡಿದ ಕಾಲು ನೂರು ದಿನ ದಾಟಿ ಉಳಿಯಿತು.

ಇದರ ಬೀಜ 2006ರ ಒಂದು ಪುಟ್ಟ ಪ್ರಯೋಗದಲ್ಲಿದೆ. ಜಾನ್ ಮತ್ತು ವೇಮುಲ ಆಗ ನ್ಯೂಯಾರ್ಕ್ ನಗರದ ಸಿಟಿ ಕಾಲೇಜಿನಲ್ಲಿದ್ದರು. ಏಪ್ರಿಕಾಟ್ ಜಾತಿಯ ಹಣ್ಣಿನ ಓಟೆಗಳಲ್ಲಿ ಸಿಗುವ ಅಮಿಗ್ಡಲಿನ್‌ಗೆ ಒಂದು ಲೈಪೇಸ್ ಕಿಣ್ವದ ನೆರವಿನಿಂದ ಕೊಬ್ಬಿನಾಮ್ಲದ ಬಾಲ ಜೋಡಿಸಿದರು. ಅದು ನೀರನ್ನು ಹೆಪ್ಪುಗಟ್ಟಿಸಿತು. ಹೆಪ್ಪುಗಟ್ಟುವಾಗ ಅದರೊಳಗೆ ಅರಿಸಿನದ ಕರ್ಕ್ಯುಮಿನ್ ಸೇರಿಸಿದ್ದರು, ನೀರಿನಲ್ಲಿ ತಾನಾಗಿ ಕರಗಲೊಲ್ಲದ ಹಳದಿ. ಹಾಗೇ ಇಟ್ಟರೆ ಜೆಲ್ ಹಳದಿಯನ್ನು ಹಿಡಿದುಕೊಂಡು ಸುಮ್ಮನಿತ್ತು. ಆಮೇಲೆ 37 ಡಿಗ್ರಿಯಲ್ಲಿ, ನಮ್ಮ ಮೈಯ ಬಿಸಿಯಲ್ಲಿ, ಮತ್ತೊಮ್ಮೆ ಕಿಣ್ವ ಹಾಕಿದರು. ಈ ಸಲ ಅದು ಜೋಡಿಸಿದ್ದ ಬಾಲವನ್ನೇ ಕತ್ತರಿಸಿತು. ಬಲೆ ಬಿಚ್ಚಿಕೊಂಡಿತು, ಹಳದಿ ಹೊರಗೆ ಬಂತು.